ಸೈಬರ್ ದಾಳಿಯ ಆರ್ಥಿಕ ಅಪಾಯ ಮತ್ತು ಸಹಕಾರಿ ಬ್ಯಾಂಕುಗಳು

ಬರೋಡಾ ಸಂಸ್ಥಾನದ ರಾಜಧಾನಿಯಾಗಿದ್ದ ವಡೋದರಾದಲ್ಲಿ 1889ರಲ್ಲಿ ‘ಅನ್ಯೋನ್ಯ ಸಹಕಾರಿ ಮಂಡಳಿ’ ಸ್ಥಾಪನೆಯಾಯಿತು. ವಿಠ್ಠಲ ಲಕ್ಷ್ಮಣ ಕವಠೇಕರ್ ಅವರ ಮುಂದಾಳುತನದ ಈ ಸಂಸ್ಥೆಯನ್ನು ಭಾರತದ ನಗರ ಸಹಕಾರಿ ಪತ್ತಿನ ಚಳವಳಿಯ ಮೊದಲ ಹೆಜ್ಜೆಯೆಂದು ಪರಿಗಣಿಸಲಾಗಿದೆ. ಹಲವರ ಅಲ್ಪ ಉಳಿತಾಯ ಒಗ್ಗೂಡಿ ಒಬ್ಬರ ಕಷ್ಟಕ್ಕೆ ಆಸರೆಯಾಗಬೇಕೆಂಬುದು ಸಹಕಾರದ ತತ್ವ. ಇಂದು ಸಣ್ಣ ಸಹಕಾರಿ ಬ್ಯಾಂಕುಗಳು ಗಣಕಯಂತ್ರ ಸೇವೆಗಳನ್ನೂ ಹಂಚಿಕೊಂಡಿವೆ. ಇದರಿಂದ ವೆಚ್ಚ ತಗ್ಗಿದೆ. ಆದರೆ ಒಂದೆಡೆಯ ಅಪಾಯ ಹಲವೆಡೆಗೆ ಹಬ್ಬುವ ದಾರಿಯೂ ತೆರೆದಿದೆ.

2024ರ ಪಾಠ

2024ರ ಜುಲೈ ಕೊನೆಯಲ್ಲಿ ಇಂತಹ ಸೇವೆ ಒದಗಿಸುತ್ತಿದ್ದ ಕಂಪನಿಯೊಂದರ ಮೇಲೆ ‘ರ‍್ಯಾನ್ಸಮ್‌ವೇರ್’ ದಾಳಿ ನಡೆಯಿತು. ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳುವ ಕುತಂತ್ರಾಂಶವಿದು. ಹಾನಿ ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಪರಿಣಾಮವಾಗಿ, ಗುಜರಾತಿನ ಹಲವು ಜಿಲ್ಲಾ ಸಹಕಾರಿ ಬ್ಯಾಂಕುಗಳೂ ಸೇರಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಧಕ್ಕೆಯಾಯಿತು. ಆಗಸ್ಟ್ 1ರಂದು ಸಂಪರ್ಕವನ್ನು ಮರಳಿ ನೀಡಲಾಯಿತು.

ನಷ್ಟದ ಸ್ವರೂಪ

ಕಳವಾದ ಹಣವೊಂದೇ ನಷ್ಟವಲ್ಲ. ಸ್ಥಗಿತಗೊಂಡ ವ್ಯವಹಾರ, ವ್ಯವಸ್ಥೆಯ ಪುನಃಸ್ಥಾಪನೆ, ತನಿಖೆ, ಗ್ರಾಹಕರಿಗೆ ಪರಿಹಾರ, ಕಾನೂನಿನ ದಂಡ ಇವೆಲ್ಲವೂ ಲೆಕ್ಕಕ್ಕೆ ಸೇರುತ್ತವೆ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕು ಎರಡು ಮೂರು ದಿನಗಳಲ್ಲೇ ಸುಮಾರು 94 ಕೋಟಿ ರೂಪಾಯಿಗಳನ್ನು ಕಳೆದುಕೊಂಡಿತು. ಅದರ ಬಹುಪಾಲು ನಕಲಿ ಕಾರ್ಡುಗಳ ಮೂಲಕ 28 ದೇಶಗಳ ಎಟಿಎಂಗಳಿಂದ ಹೊರಹೋಗಿತ್ತು.

ನಿರ್ವಹಣೆಯ ಕ್ರಮಗಳು

ಮೊದಲನೆಯದಾಗಿ, ಸೇವೆ ಒಂದು ದಿನ ನಿಂತರೆ ಆಗುವ ನಷ್ಟವೆಷ್ಟು ಎಂಬುದನ್ನು ಪ್ರತಿ ಸಂಸ್ಥೆಯೂ ಅಂದಾಜು ಮಾಡಬೇಕು. ಎರಡನೆಯದಾಗಿ, ದತ್ತಾಂಶದ ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇಟ್ಟು, ಅದರಿಂದ ಕೆಲಸ ಪುನರಾರಂಭಿಸಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸಬೇಕು. ಮೂರನೆಯದಾಗಿ, ಸೇವಾ ಕಂಪನಿಯೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ನಷ್ಟದ ಹೊಣೆ ಯಾರದೆಂಬುದು ಸ್ಪಷ್ಟವಾಗಿರಬೇಕು. ನಾಲ್ಕನೆಯದಾಗಿ, ತಾನೇ ಭರಿಸಬಲ್ಲ ನಷ್ಟಕ್ಕೆ ಮೀಸಲು ನಿಧಿಯನ್ನೂ, ಅದನ್ನು ಮೀರಿದ್ದಕ್ಕೆ ಸೈಬರ್ ವಿಮೆಯನ್ನೂ ಏರ್ಪಡಿಸಿಕೊಳ್ಳಬೇಕು. ವಿಮೆಯು ಸುರಕ್ಷತೆಗೆ ಬದಲಿಯಲ್ಲ; ಷರತ್ತುಗಳನ್ನು ಪಾಲಿಸದಿದ್ದಲ್ಲಿ ಪರಿಹಾರ ದೊರೆಯದೆ ಹೋಗಬಹುದು. 2022ರ ಏಪ್ರಿಲ್‌ನಲ್ಲಿ ಹೊರಬಿದ್ದ ಕೇಂದ್ರದ ನಿರ್ದೇಶನದಂತೆ, ಇಂತಹ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡುವುದು ಕಡ್ಡಾಯ.

ಗ್ರಾಹಕರು ತಿಳಿದಿರಬೇಕಾದುದು

ಠೇವಣಿ ವಿಮೆ ಇರುವುದರಿಂದ ಸೈಬರ್ ವಂಚನೆಗೂ ಪರಿಹಾರ ಸಿಗುತ್ತದೆ ಎಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. 2020ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಲಾದ ಈ ರಕ್ಷಣೆ ಬ್ಯಾಂಕು ಕುಸಿದಾಗ ಠೇವಣಿದಾರರ ನೆರವಿಗೆ ಬರುವಂಥದು. ಖಾತೆಯಿಂದ ಕಳವಾದ ಹಣಕ್ಕೆ ಅನ್ವಯಿಸದು. ಅಂತಹ ಸಂದರ್ಭದಲ್ಲಿ ತಡಮಾಡದೆ ಬ್ಯಾಂಕಿಗೆ ತಿಳಿಸಿ, 1930 ಸಹಾಯವಾಣಿಗೆ ಕರೆಮಾಡಬೇಕು. ಹಣ ಖಾತೆಯಿಂದ ಖಾತೆಗೆ ಸಾಗಿಹೋಗುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ.

ಹಂಚಿಕೊಂಡ ವ್ಯವಸ್ಥೆಯಲ್ಲಿ ಒಬ್ಬರ ಅಜಾಗರೂಕತೆ ಎಲ್ಲರಿಗೂ ದುಬಾರಿಯಾಗುತ್ತದೆ. ಆದುದರಿಂದ ಉಳಿತಾಯದಂತೆ ಎಚ್ಚರವೂ ಅನ್ಯೋನ್ಯವಾಗಿರಬೇಕಾದುದು ಇಂದಿನ ಅಗತ್ಯ.