ಹಾಡಿನ ನಡುವೆ ಆ 'ಟಿಕ್' ಎಲ್ಲಿಂದ?



ವಡಾಲದ ಕೇಳುಗರೊಬ್ಬರ ಪ್ರಶ್ನೆ ಇದು: ಕಂಪ್ಯೂಟರ್ ಹೊಸದು, ವೇಗವೂ ಚೆನ್ನಾಗಿದೆ. ಆದರೂ ವೈಫೈನಲ್ಲಿ ಏನಾದರೂ ಡೌನ್‌ಲೋಡ್ ಮಾಡುವಾಗ ಕೇಳುತ್ತಿರುವ ಹಾಡು ಟಿಕ್ ಟಿಕ್ ಎನ್ನುತ್ತದೆ, ಯಾಕೆ? ಕಂಪ್ಯೂಟರಿನಿಂದಲೇ ಹಾಡು ಬಿಡುವ ನಮಗೂ ಇದು ತಲೆನೋವಿನ ವಿಷಯವೇ.

ಪ್ರೊಸೆಸರ್ ಏಕಕಾಲಕ್ಕೆ ಹತ್ತಾರು ಕೆಲಸ ಮಾಡುವಂತೆ ಕಾಣುತ್ತದಲ್ಲವೇ? ನಿಜದಲ್ಲಿ ಅದರ ಒಂದೊಂದು ಕೋರ್ ಪ್ರತಿ ಕೆಲಸಕ್ಕೂ ಕೆಲವೇ ಮಿಲಿಸೆಕೆಂಡ್ ಕೊಟ್ಟು ಮುಂದಿನದಕ್ಕೆ ಹೋಗುತ್ತದೆ. ಈ ಸರದಿ ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಮ್. ಸರದಿ ಮುರಿದು ಒಳನುಗ್ಗುವ ಹಕ್ಕು ಮಾತ್ರ ಇಂಟರಪ್ಟ್‌ಗೆ ಇದೆ. ನೀವು ಕೀಲಿ ಒತ್ತಿದಿರಿ, ವೈಫೈಗೆ ಮಾಹಿತಿ ಬಂತು, ಸೌಂಡ್ ಕಾರ್ಡಿಗೆ ಹಾಡಿನ ಮುಂದಿನ ತುಣುಕು ಬೇಕಾಯಿತು ಎನ್ನಿ. ಆಯಾ ಸಾಧನ ಗಂಟೆ ಬಾರಿಸುತ್ತದೆ. ಪ್ರೊಸೆಸರ್ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಆ ಸಾಧನವನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮಿನ ಮಾತು ಕೇಳಬೇಕು.

ನಮ್ಮ ವಡಾಲ ರೋಡ್ ಸ್ಟೇಷನ್ನನ್ನೇ ನೆನೆಸಿಕೊಳ್ಳಿ. ಹಾರ್ಬರ್ ಲೈನ್ ಅಲ್ಲಿ ಕವಲೊಡೆದು ಒಂದು ಕುರ್ಲಾ-ಪನ್ವೇಲ್ ಕಡೆಗೆ, ಇನ್ನೊಂದು ಮಾಹಿಮ್-ಅಂಧೇರಿ ಕಡೆಗೆ ಹೋಗುತ್ತದೆ. ಕವಲಿನಲ್ಲೇ ಒಂದು ಗಾಡಿ ನಿಂತುಬಿಟ್ಟರೆ ಹಿಂದಿನ ಗಾಡಿಗೆ ಎಷ್ಟು ವೇಗವಿದ್ದರೇನು?

ಈಗ ಲೆಕ್ಕ ನೋಡಿ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 44,100 ಸ್ಯಾಂಪಲ್ ಬೇಕು. ಬಫರಿನಲ್ಲಿ 512 ಸ್ಯಾಂಪಲ್ ಇಟ್ಟುಕೊಂಡರೆ ಅದು 11.6 ಮಿಲಿಸೆಕೆಂಡಿಗಷ್ಟೇ ಸಾಕು. ವೈಫೈ ಡ್ರೈವರ್ 15 ಮಿಲಿಸೆಕೆಂಡ್ ಕೋರ್ ಬಿಡದೆ ಕೂತರೆ, ಅಲ್ಲೇ ಕಾಯುತ್ತಿರುವ ಹಾಡಿನ ಬಫರ್ ಖಾಲಿ. ಅದೇ ಆ 'ಟಿಕ್'. ಹಾಡಿನ ಪ್ರೋಗ್ರಾಮಿಗೆ ಎಷ್ಟೇ ಆದ್ಯತೆ ಕೊಡಿ, ಇಂಟರಪ್ಟ್ ಅದಕ್ಕಿಂತ ಮೇಲೆ.

ಅದಕ್ಕೇ ಒಳ್ಳೆಯ ಡ್ರೈವರ್ ಕೆಲಸವನ್ನು ಎರಡು ಭಾಗ ಮಾಡುತ್ತದೆ: ಗಂಟೆಗೆ ತಕ್ಷಣ ಓಗೊಟ್ಟು, ಉಳಿದದ್ದನ್ನು ಸ್ವಲ್ಪ ಮುಂದಕ್ಕೆ ಹಾಕುತ್ತದೆ. ವಿಂಡೋಸ್‌ನಲ್ಲಿ ಹೀಗೆ ಮುಂದೂಡಿದ ಕೆಲಸವೂ 100 ಮೈಕ್ರೋಸೆಕೆಂಡ್ ಮೀರಬಾರದೆಂದು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರಿಗೆ ಹೇಳುತ್ತದೆ. ಎಲ್ಲರೂ ಕೇಳುತ್ತಾರೆಯೇ, ಅದು ಬೇರೆ ಮಾತು! ಲಿನಕ್ಸ್‌ನಲ್ಲಿ ಬಹುಪಾಲು ಇಂಟರಪ್ಟ್ ಕೆಲಸವನ್ನೂ ಸರದಿಯಲ್ಲೇ ನಿಲ್ಲಿಸುವ ವ್ಯವಸ್ಥೆ 2024ರಲ್ಲಿ ಮುಖ್ಯ ಆವೃತ್ತಿಗೇ ಸೇರಿತು.

ಹಾಗಾಗಿ ಹೊಸ ಪ್ರೊಸೆಸರ್‌ಗೆ ಹಣ ಸುರಿಯುವ ಮೊದಲು ವೈಫೈ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ. ವಿಂಡೋಸ್ ಇದ್ದವರಿಗೆ ಯಾವ ಡ್ರೈವರ್ ಹೊತ್ತು ತಿನ್ನುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಎಂಬ ಸಾಧನವಿದೆ. ಬಫರ್ ಹಿಗ್ಗಿಸಿದರೂ ಟಿಕ್ ನಿಲ್ಲಬಹುದು. ಹಾಡು ಕೇಳುವವರಿಗೆ ಅದರಿಂದ ನಷ್ಟವಿಲ್ಲ. ನಮ್ಮಂಥವರ ಪಾಡು ಬೇರೆ. ಬಫರ್ ದೊಡ್ಡದಾದಷ್ಟೂ ನಮ್ಮದೇ ದನಿ ಹೆಡ್‌ಫೋನಿಗೆ ತಡವಾಗಿ ಬಂದು ನಾಲಿಗೆ ತೊಡರುತ್ತದೆ.