ಸೆಕೆಯ ನಾಡಿನಲ್ಲಿ ಎಳೆಯ ಮಕ್ಕಳ ಉಡುಪು

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಬಂಧುಬಳಗದವರು ಅರಿವೆಗಳನ್ನು ಹೊತ್ತು ತರುವರು. ತೊಟ್ಟಿಲಿಗೆ ಹಾಕುವ ದಿನ ಒಂದಿಷ್ಟು, ಜಾವಳದ ದಿನ ಇನ್ನೊಂದಿಷ್ಟು, ದೀಪಾವಳಿಗೆ ಮತ್ತೊಂದಿಷ್ಟು ಸೇರಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಪೆಟ್ಟಿಗೆಯೂ ತುಂಬಿರುತ್ತದೆ. ಆದರೂ ವೈಶಾಖದ ಮಧ್ಯಾಹ್ನದಲ್ಲಿ ತೊಡಿಸಲು ತಕ್ಕದ್ದೊಂದು ಅಂಗಿಯನ್ನು ಅದರಲ್ಲಿ ಹುಡುಕಿದರೆ ದೊರೆಯುವುದಿಲ್ಲ. ಇದಕ್ಕೆ ಕಾರಣವೇನು? ಕೊಡುವವರು ನೋಟವನ್ನು ಮೆಚ್ಚಿ ಕೊಡುವರು. ತೊಡುವ ಮಗುವಾದರೋ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದು. ಆದುದರಿಂದ ಒಂದರಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಎಂಥ ಉಡುಪು, ಎಷ್ಟು ಉಡುಪು ಬೇಕೆಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸುವೆವು.

ಮೊದಲು ನಮ್ಮ ಹವೆಯನ್ನು ತಿಳಿಯಬೇಕು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ರೈಲು ದಾರಿಯ ಮೇಲಿನ ಊರುಗಳು. 1997ರಲ್ಲಿ ಹಾವೇರಿಯು ಧಾರವಾಡದಿಂದ ಬೇರೆ ಜಿಲ್ಲೆಯಾಯಿತಾದರೂ ಹವೆಗೆ ಜಿಲ್ಲೆಯ ಗಡಿ ತಿಳಿಯದು. ಪಡುವಲಲ್ಲಿ ಹಾನಗಲ್ಲಿನ ಕಡೆಗೆ ಮಲೆನಾಡಿನ ತಂಪಿದೆ; ಮೂಡಲಲ್ಲಿ ತುಂಗಭದ್ರೆಯ ಕಡೆಗೆ ಬಯಲುಸೀಮೆಯ ಬಿಸಿಲಿದೆ. ನಮ್ಮ ಊರುಗಳು ಇವೆರಡರ ನಡುವೆ ಇರುವುದರಿಂದ ಮಕ್ಕಳಿಗೆ ಎರಡು ಬಗೆಯ ಸೆಕೆ ತಪ್ಪಿದ್ದಲ್ಲ. ಚೈತ್ರ-ವೈಶಾಖಗಳದು ಒಣ ಸೆಕೆ. ಆಗ ಬೆವರು ಬಂದೊಡನೆ ಆರಿಹೋಗುವುದು, ಆರುವಾಗ ಮೈಯನ್ನು ತಂಪುಗೊಳಿಸುವುದು. ಮೃಗಶಿರಾ ಮಳೆ ಹಿಡಿದ ಮೇಲೆ ಗಾಳಿಯಲ್ಲಿಯೇ ನೀರಿನ ಅಂಶ ತುಂಬಿರುತ್ತದೆ. ಆಗಿನ ಬಿಸಿ ಕಡಿಮೆಯಾದರೂ ಬೆವರು ಆರದೆ ಮೈಮೇಲೆಯೇ ನಿಲ್ಲುವುದು.

ಇದರಿಂದ ದೊಡ್ಡವರಿಗಿಂತ ಚಿಕ್ಕವರಿಗೆ ತೊಂದರೆ ಹೆಚ್ಚು. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಅಧಿಕ. ಆದಕಾರಣ ಹೊರಗಿನ ಬಿಸಿಯು ಅದರ ಮೈಗೆ ಬೇಗ ಏರುವುದು. ಬೆವರಿನ ಸಣ್ಣ ನಾಳಗಳು ಮುಚ್ಚಿಕೊಂಡರೆ ಕೊರಳು, ಕಂಕುಳು, ಬೆನ್ನುಗಳಲ್ಲಿ ಬೆವರುಸಾಲೆ ಏಳುವುದು. ರಾತ್ರಿಯೆಲ್ಲ ಅಳುವ ಕೂಸಿಗೆ ದೃಷ್ಟಿಯಾಯಿತೆಂದು ನಿವಾಳಿಸುವ ಮುನ್ನ ಅಂಗಿಯನ್ನು ಬಿಚ್ಚಿ ಬೆನ್ನನ್ನೊಮ್ಮೆ ನೋಡುವುದು ಒಳ್ಳೆಯದು.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ಉದಾಸೀನರಾಗಿರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಶಿಶುವಿನ ಹಾಸಿಗೆ ಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಆಗಿರಬೇಕೆಂದು ವಿಧಿಸಿದೆ. ಬೆವರು, ಮಲಮೂತ್ರಗಳು ತಗುಲಿದವನ್ನು ಬಿಡಬೇಕು. ಬೇರೆ ಇಲ್ಲದ ಬಡವರು ಅವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಪೂರ್ತಿ ಒಣಗಿದ ಮೇಲೆ ಬಳಸಬಹುದೆಂದೂ ಅಲ್ಲಿ ಹೇಳಿದೆ. ಬೆಲೆಯುಳ್ಳದ್ದಾಗಿರಬೇಕೆಂದು ಮಾತ್ರ ಎಲ್ಲಿಯೂ ಹೇಳಿಲ್ಲವೆಂಬುದನ್ನು ಗೃಹಸ್ಥರು ಲಕ್ಷ್ಯದಲ್ಲಿಡಬೇಕು.

ಇನ್ನು ಅರಿವೆಯ ಆಯ್ಕೆ. ಹತ್ತಿ ಬೆಳೆಯುವ ನಾಡಿನಲ್ಲಿ ಹುಟ್ಟಿದ ಮಗುವಿಗೆ ಹತ್ತಿಯ ಅರಿವೆ ದುರ್ಲಭವಾಗುವುದು ವಿಪರ್ಯಾಸವೇ ಸರಿ. 1941ರಲ್ಲಿ ಇಂಗ್ಲಂಡಿನಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ನೂಲು ಇಂದು ಸಂತೆಯ ಅಂಗಡಿಯವರೆಗೂ ಬಂದಿದೆ. ಅದು ಮುದುಡದು, ಬಣ್ಣ ಬಿಡದು, ಬೇಗ ಒಣಗುವುದು ಎಂಬುದೆಲ್ಲ ನಿಜ. ಆದರೆ ನೂರು ಗ್ರಾಂ ಒಣ ಹತ್ತಿಯ ನೂಲು ಸಾಧಾರಣ ಹವೆಯಲ್ಲಿ ಏಳೆಂಟು ಗ್ರಾಂ ತೇವವನ್ನು ಹೀರಿಕೊಂಡರೆ, ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಮಿನಷ್ಟನ್ನೂ ಹೀರದು. ಅಂದಮೇಲೆ ಮಗುವಿನ ಬೆವರಿಗೆ ದಾರಿಯೆಲ್ಲಿ? ಹತ್ತಿಯಲ್ಲಿಯೂ ದಪ್ಪನೆಯದು ಬೇಡ. ತೆಳುವಾದ ಮಲ್ಲು, ವಾಯಿಲ್, ಒಗೆದೊಗೆದು ಮೆತ್ತಗಾದ ಹಳೆಯ ಧೋತರ ಇವು ಶ್ರೇಷ್ಠ. ಅಜ್ಜನ ಧೋತರದಿಂದ ಹೊಲಿದ ಝಬಲಾ ಹೊಸ ಅಂಗಿಗಿಂತ ಹಿತಕರ. ಹೊಸ ಅರಿವೆಯಲ್ಲಿ ಗಂಜಿಯೂ ಬಣ್ಣದ ಶೇಷವೂ ಇರುವುದರಿಂದ ಒಮ್ಮೆಯಾದರೂ ಒಗೆಯದೆ ತೊಡಿಸಬಾರದು.

ಗುಳೇದಗುಡ್ಡದ ಖಣದ ಕುಂಚಿಗೆಯನ್ನು ಕೂಸಿಗೆ ತೊಡಿಸಿ ನೋಡುವುದು ನಮ್ಮ ಸೀಮೆಯ ಹಿರಿಯರಿಗೆ ದೊಡ್ಡ ಸಂತೋಷ. ಅದನ್ನು ಬಿಡಿರೆಂದು ನಾವು ಹೇಳುವವರಲ್ಲ. ತೊಟ್ಟಿಲ ಶಾಸ್ತ್ರಕ್ಕೆ, ಮಾಗಿಯ ಮುಂಜಾವಿನ ಚಳಿಗೆ ಅದು ತಕ್ಕದ್ದೇ. ಆದರೆ ಬೇಸಗೆಯಲ್ಲಿಯೂ “ಕೂಸಿಗೆ ಗಾಳಿ ಸೋಕೀತು” ಎಂದು ಮನೆಯೊಳಗೆ ಕುಲಾವಿ ಕಟ್ಟಿಡುವ ವಾಡಿಕೆ ತಪ್ಪು. ಎಳೆಯ ಮಗುವಿನಲ್ಲಿ ತಲೆಯು ಮೈಯ ದೊಡ್ಡದೊಂದು ಭಾಗ. ಒಳಗಿನ ಬಿಸಿ ಹೊರಹೋಗುವ ಆ ದ್ವಾರವನ್ನು ಮುಚ್ಚಬಾರದು. ಬಿಸಿಲಿಗೆ ಹೊರಡುವಾಗ ಅಂಚು ಅಗಲವಾದ ಹತ್ತಿಯ ಟೊಪ್ಪಿಗೆ ಹಾಕಿ, ಮನೆಗೆ ಬಂದೊಡನೆ ತೆಗೆಯಬೇಕು.

ಹೊಲಿಗೆಯಲ್ಲಿ ಮೂರು ಸಂಗತಿಗಳನ್ನು ನೋಡತಕ್ಕದ್ದು. ಒಂದು, ಸಡಿಲತೆ: ಅಂಗಿಗೂ ಮೈಗೂ ನಡುವೆ ಗಾಳಿ ಆಡಬೇಕು. ಸೊಂಟದ ಇಲಾಸ್ಟಿಕ್ಕು ಮೈಮೇಲೆ ಗೆರೆ ಮೂಡಿಸಿದರೆ ಅದು ಬಿಗಿಯೆಂದೇ ತಿಳಿಯಬೇಕು. ಎರಡು, ನಿರಪಾಯ: ಕೊರಳಿಗೆ ಉದ್ದನೆಯ ಲಾಡಿ ಬೇಡ, ಆಡುವಾಗ ಬಾಗಿಲಿಗೋ ತೊಟ್ಟಿಲಿಗೋ ಸಿಕ್ಕಿ ಉಸಿರು ಕಟ್ಟೀತು. ಸಡಿಲವಾದ ಗುಂಡಿ, ಮಣಿ, ಟಿಕಲಿಗಳನ್ನು ಮಗು ಕಿತ್ತು ಬಾಯಿಗೆ ಹಾಕಿಕೊಳ್ಳುವುದು. ಮೂರು, ಬೆಳವಣಿಗೆ: ಅಂಚಿನಲ್ಲಿ ಎರಡು ಬೆರಳಿನಷ್ಟು ಅರಿವೆಯನ್ನು ಒಳಗೆ ಮಡಿಚಿ ಹೊಲಿಸಿದರೆ ಆರು ತಿಂಗಳ ಮೇಲೆ ಬಿಚ್ಚಿ ಉದ್ದ ಮಾಡಬಹುದು. ಎರಡು ವರ್ಷದ ಮಗುವಿಗೆ ತಾನೇ ಕೆಳಗೆಳೆದುಕೊಳ್ಳಬಲ್ಲ ಚಡ್ಡಿ ಇರಲಿ. ಶೌಚದ ಅಭ್ಯಾಸಕ್ಕೆ ಅದೇ ಮೊದಲ ಪಾಠ.

ಎಷ್ಟು ಉಡುಪು ಬೇಕು? ತೋಳಿಲ್ಲದ ಝಬಲಾ ಆರು, ಅರ್ಧ ತೋಳಿನ ಅಂಗಿ ನಾಲ್ಕು, ಚಡ್ಡಿ ಎಂಟು, ತುಂಬು ತೋಳಿನ ತೆಳು ಅಂಗಿ ಮೂರು, ಕಾಲು ಮುಚ್ಚುವ ಸಡಿಲ ಪಾಯಿಜಾಮೆ ಮೂರು, ಉಣ್ಣೆಯ ಅಂಗಿ ಒಂದು, ಟೊಪ್ಪಿಗೆ ಎರಡು, ಹಬ್ಬದ ಉಡುಪು ಒಂದು ಜೊತೆ. ಇಷ್ಟಿದ್ದರೆ ಸಾಧಾರಣ ಸಂಸಾರಕ್ಕೆ ವರ್ಷವಿಡೀ ಸಾಕು. ಬಣ್ಣಗಳು ಒಂದಕ್ಕೊಂದು ಹೊಂದುವಂತೆ ಆರಿಸಿದರೆ ಯಾವ ಅಂಗಿಗೆ ಯಾವ ಚಡ್ಡಿಯಾದರೂ ನಡೆಯುವುದು. ಬೇಸಗೆಯ ಝಬಲಾವೇ ಚಳಿಗಾಲದಲ್ಲಿ ಉಣ್ಣೆಯ ಕೆಳಗಿನ ಒಳಅಂಗಿಯಾಗುವುದು. ಒಂದೇ ದಪ್ಪ ಅಂಗಿಗಿಂತ ಎರಡು ತೆಳು ಅಂಗಿಗಳು ಮೇಲು. ಬಿಸಿಲೇರಿದಂತೆ ಒಂದನ್ನು ಕಳೆಯಬಹುದು.

ಮಳೆಗಾಲದ ಸಂಕಟ ಒಣಗಿಸುವುದರದು. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ದಪ್ಪ ಅರಿವೆ ಎರಡು ದಿನವಾದರೂ ಆರದು; ತೆಳುವಾದದ್ದನ್ನು ಆರಿಸಿರೆಂದುದಕ್ಕೆ ಇದೂ ಒಂದು ಕಾರಣ. ಅರೆಹಸಿಯಾದುದನ್ನು ತೊಡಿಸಲೇಬಾರದು, ಮೈಯ ಸಂದುಗಳಲ್ಲಿ ತೇವ ನಿಂತರೆ ಹುಳುಕಡ್ಡಿ ಮೊದಲಾದವು ಬೆಳೆಯುವುವು. ಡೆಂಗಿಯನ್ನು ಹರಡುವ ಸೊಳ್ಳೆ ಹಗಲಿನಲ್ಲಿಯೇ ಕಚ್ಚುವುದರಿಂದ ಮಳೆಯ ದಿನಗಳಲ್ಲಿ ತಿಳಿಬಣ್ಣದ, ಕೈಕಾಲು ಮುಚ್ಚುವ ಸಡಿಲ ಉಡುಪನ್ನು ಹಗಲು ಹೊತ್ತಿಗೇ ತೊಡಿಸಬೇಕು.

ಬ್ಯಾಡಗಿಯ ಕಡೆಯವರಿಗೆ ಇನ್ನೊಂದು ಮಾತು. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಅಲ್ಲಿಯ ಮೆಣಸಿನಕಾಯಿ ಊರಿನ ಕೀರ್ತಿ. ಅನೇಕ ತಾಯಂದಿರ ಅನ್ನವೂ ಅದೇ. ಆದರೆ ದಿನವೆಲ್ಲ ತೊಟ್ಟು ಬಿಡಿಸಿದ ಕೈಯನ್ನೂ ಘಾಟು ಅಡರಿದ ಸೆರಗನ್ನೂ ಕೂಸು ತಡೆಯಲಾರದು. ಕಾರದ ಅಂಶ ಬರಿಯ ನೀರಿಗೆ ಹೋಗುವಂಥದಲ್ಲ. ಸಾಬೂನು ಹಚ್ಚಿ ಕೈ ತೊಳೆದು, ಸೀರೆ ಬದಲಿಸಿ ಮಗುವನ್ನೆತ್ತಬೇಕು. ಮಗುವಿನ ಅರಿವೆಯನ್ನು ಕಾಯಿ ಹರವಿದ ಕಣದ ಬಳಿ ಒಣಹಾಕಬಾರದು. ದೊಡ್ಡವರ ಕೆಲಸದ ಬಟ್ಟೆಯೊಡನೆ ಒಗೆಯಲೂಬಾರದು.

ಅರಿವೆಗಳನ್ನು ಎತ್ತಿಡುವಾಗ ಪೆಟ್ಟಿಗೆಯಲ್ಲಿ ಡಾಂಬರು ಗುಳಿಗೆ ಹಾಕುವುದು ಹಲವರ ರೂಢಿ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆಯುಳ್ಳ ಶಿಶುಗಳಿಗೆ ಆ ವಾಸನೆಯ ಅರಿವೆ ತಗುಲಿದರೆ ರಕ್ತಕಣಗಳು ಒಡೆದು ಕಾಮಾಲೆಯಾಗಬಹುದು. ಯಾವ ಮಗುವಿಗೆ ಆ ಕೊರತೆ ಇದೆಯೆಂದು ಕಂಡವರಾರು? ಒಣಗಿದ ಬೇವಿನೆಲೆ ಸಾಕು. ಅದು ಹಿತ್ತಲಲ್ಲಿಯೇ ದೊರೆಯುವುದು.

ಕೊನೆಗೆ ಮದುವೆ-ಜಾತ್ರೆಗಳ ಮಾತು. ನಮ್ಮಲ್ಲಿ ಲಗ್ನಸರಾಯಿ ಬರುವುದೇ ಬೇಸಗೆಯಲ್ಲಿ. ಆಗ ಎರಡು ವರ್ಷದ ಮಗುವಿಗೆ ಅಸ್ತರು ಹಾಕಿದ ಶೇರವಾನಿ, ಜರಿಯ ಪರಕಾರ ತೊಡಿಸಿ ಚಪ್ಪರದ ಸೆಕೆಯಲ್ಲಿ ಗಂಟೆಗಟ್ಟಲೆ ಕೂಡಿಸುವರು. ಮಗು ಅತ್ತರೆ ಹಟವೆನ್ನುವರು. ಅಕ್ಷತೆಯ ಹೊತ್ತಿಗೆ ತೊಡಿಸಿ, ಹಿರಿಯರಿಗೆ ನಮಸ್ಕಾರ ಮಾಡಿಸಿ, ಕೂಡಲೇ ಝಬಲಾಕ್ಕೆ ಬದಲಿಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ. ಉಡುಗೊರೆ ಕೊಡುವ ಬಂಧುಗಳು ಸಹ ಹೊಳೆಯುವ ಒಂದು ಜೊತೆಯ ಬದಲು ಮೆತ್ತನೆಯ ಮೂರು ಅಂಗಿಗಳನ್ನು ತಂದರೆ ತಾಯಿಯಾದವಳು ವರ್ಷವೆಲ್ಲ ನೆನೆವಳು. ಮಕ್ಕಳ ಉಡುಪು ಅವರ ಸುಖಕ್ಕಾಗಿ, ನಮ್ಮ ಪ್ರತಿಷ್ಠೆಗಾಗಿ ಅಲ್ಲ; ಇದನ್ನು ಮರೆಯದ ಮನೆಯಲ್ಲಿ ಕೂಸು ನಿಶ್ಚಿಂತೆಯಿಂದ ನಿದ್ರಿಸುವುದು.