ಕಿರುಪತಂಗವೂ ಓಲೆಗರಿಯೂ

ಪತಂಗವೆಂದೊಡನೆ ಕಾವ್ಯಾಭ್ಯಾಸಿಗಳ ನೆನಪಿಗೆ ಬರುವುದು ದೀಪಕ್ಕೆರಗಿ ಬೇಯುವ ಜೀವಿ. ಆದರೆ ಅದು ಅದರ ಬಾಳಿನ ಕಡೆಯ ಘಟ್ಟ. ತಿಂದು ಬೆಳೆಯುವುದೆಲ್ಲ ಮರಿಹುಳುವಿನ ದೆಶೆಯಲ್ಲಿ. ಹಸಿರೆಲೆಯನ್ನು ಬಿಟ್ಟು ಸತ್ತ ಸಸ್ಯವನ್ನೇ ಉಂಡು ಬಾಳುವ ಮರಿಹುಳುಗಳೂ ಉಂಟು. ಹಸ್ತಪ್ರತಿಗಳೊಡನೆ ವ್ಯವಹರಿಸುವವರು ಇವನ್ನು ಅರಿತಿರುವುದು ಉಚಿತ.

ಓಪೊಗೋನ ಓಮೋಸ್ಕೋಪ ಎಂಬುದು ಇಂತಹ ಪತಂಗಗಳಲ್ಲೊಂದು. 1893ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟ ಎಡ್ವರ್ಡ್ ಮೆರಿಕ್ (1854–1938) ಇಂಗ್ಲೆಂಡಿನ ಮಾರ್ಲ್‌ಬರೊ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಭಾಷೆಗಳ ಉಪಾಧ್ಯಾಯರಾಗಿದ್ದವರು. ಇದರ ರೆಕ್ಕೆಗಳ ಹರವು ಸುಮಾರು 2 ಸೆಂಟಿಮೀಟರಿನೊಳಗೆ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಹವಾಯಿ, ದಕ್ಷಿಣ ಆಫ್ರಿಕಗಳಲ್ಲಿ ಇದು ಕಂಡುಬಂದಿದೆ. ಬಟ್ಟೆಯನ್ನು ತಿನ್ನುವ ನುಸಿಯೂ ಇದೇ ಟೀನಿಡೇ ಕುಟುಂಬದ್ದು. ಆದರೆ ಈ ಕುಟುಂಬದ ಅನೇಕ ಪ್ರಭೇದಗಳಿಗೆ ಬೂಷ್ಟು, ಕಸಕಡ್ಡಿ, ಕೊಳೆತ ತೊಗಟೆಗಳೇ ಆಹಾರ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳು ಈ ಕುಟುಂಬದ ಜೀವಿಗಳಿಗೆ ತಕ್ಕ ನೆಲೆ. ಉದುರಿದ ಸೋಗೆ, ಹಾಳೆ, ಸೊಪ್ಪಿನಬೆಟ್ಟದಿಂದ ತಂದು ಮರದ ಬುಡಕ್ಕೆ ಹರಡಿದ ಸೊಪ್ಪು, ದರಕು ಇವೆಲ್ಲ ಮುಂಗಾರಿನಲ್ಲಿ ನೆನೆದು ಬೂಷ್ಟು ಹಿಡಿಯುತ್ತವೆ. ಇಂತಹ ಕಸದಲ್ಲಿ ಬಾಳುವ ಮರಿಹುಳುಗಳು ನೂಲು ತೆಗೆದು, ಅದಕ್ಕೆ ಹಿಕ್ಕೆ ಬೆರೆಸಿ ಕೊಳವೆ ನೆಯ್ದುಕೊಂಡು, ಅದರೊಳಗಡಗಿ ತಿನ್ನುತ್ತವೆ. ತಿಂದದ್ದು ನುಣ್ಣಗಾಗಿ ಮಣ್ಣು ಸೇರುತ್ತದೆ. ತೋಟಕ್ಕೆ ಇವು ಉಪಕಾರಿಗಳೇ.

ಇದೇ ಸೀಮೆಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಗ್ರಂಥಗಳಿವೆ. ಗರಿಯೂ ಸತ್ತ ಸಸ್ಯವೇ ಅಲ್ಲವೆ ಎಂಬ ಶಂಕೆ ಸಹಜ. ಆದರೆ ಒಣಗಿಸಿ, ಎಣ್ಣೆ ಹಚ್ಚಿ ಕಾಪಾಡಿದ ಗರಿ ತೇವವನ್ನು ಬಯಸುವ ಈ ಜೀವಿಗಳಿಗೆ ಒಗ್ಗುವಂಥದಲ್ಲ. ಓಲೆಕಟ್ಟಿನ ದುಂಡು ರಂಧ್ರಗಳು ಬಹುಮಟ್ಟಿಗೆ ಗ್ಯಾಸ್ಟ್ರಾಲಸ್ ಇಂಡಿಕಸ್‌ನಂತಹ ಕಿರುಜೀರುಂಡೆಗಳ ಮರಿಹುಳುಗಳು ಕೊರೆದವು. ಮಣ್ಣು ಮೆತ್ತಿ ಅಂಚನ್ನು ಕಬಳಿಸುವುದು ಗೆದ್ದಲು.

ಈ ಭೇದ ಕೇವಲ ಕೀಟಶಾಸ್ತ್ರದ ಸೂಕ್ಷ್ಮವಲ್ಲ. ಜೀರುಂಡೆಯ ಮರಿ ಒಂದು ಗರಿಯಿಂದ ಮತ್ತೊಂದಕ್ಕೆ ಕೊರೆಯುತ್ತ ಸಾಗುವುದರಿಂದ, ರಂಧ್ರಗಳು ಒಂದರ ಮೇಲೊಂದು ಸರಿಯಾಗಿ ಹೊಂದುವ ಗರಿಗಳು ಆ ಕಾಲದಲ್ಲಿ ಅದೇ ಕ್ರಮದಲ್ಲಿದ್ದುವೆಂದು ಊಹಿಸಬಹುದು. ಅಂಕೆ ಅಳಿದ ಗರಿಗಳ ಅನುಕ್ರಮವನ್ನು ನಿರ್ಣಯಿಸುವ ಸಂಪಾದಕನಿಗೆ ಇದು ಬೆಲೆಯುಳ್ಳ ಸಾಕ್ಷ್ಯ. ಪ್ರತಿಯ ವರ್ಣನೆಯಲ್ಲಿ ‘ಹುಳು ತಿಂದಿದೆ’ ಎಂದಷ್ಟೇ ಬರೆದರೆ ಆ ಸಾಕ್ಷ್ಯವನ್ನು ಕೈಬಿಟ್ಟಂತಾಗುತ್ತದೆ. ರಂಧ್ರದ ಆಕಾರವೇನು, ಸ್ಥಾನವೆಲ್ಲಿ, ಎಷ್ಟು ಗರಿಗಳವರೆಗೆ ಹೋಗಿದೆ ಎಂಬುದನ್ನು ನಮೂದಿಸಬೇಕು. ನೂಲಿನ ಎಳೆಯೂ ಬೂಷ್ಟೂ ಕಂಡುಬಂದರೆ, ಕಟ್ಟು ತೇವದಲ್ಲಿದ್ದಿತೆಂದು ತಿಳಿದು, ಓದುವ ಮುನ್ನ ಅದನ್ನು ನೆರಳಿನಲ್ಲಿ ಆರಿಸತಕ್ಕದ್ದು.